ಆ್ಯಪ್‌ನ ಗಂಟೆ ನಿಲ್ತಾ ಇಲ್ವಾ? ಮೊದಲು ಕ್ಲಾಕ್ ಹಿಡೀರಿ

ಬ್ಲಾಕ್ ಜೋಡಿಸಿ ಆ್ಯಪ್ ಮಾಡುವ ಆ್ಯಪ್ ಇನ್ವೆಂಟರ್‌ನಲ್ಲಿ ಮೊದಲ ಸಲ ಅಲಾರಂ ಆ್ಯಪ್ ಮಾಡಿದ ಹುಡುಗರು ಕೇಳುವುದು ಎರಡೇ ಪ್ರಶ್ನೆ. ಒಂದು, ಸ್ಟಾಪ್ ಒತ್ತಿದರೂ ಗಂಟೆ ಯಾಕೆ ನಿಲ್ಲುತ್ತಿಲ್ಲ? ಇನ್ನೊಂದು ಅದರ ಉಲ್ಟಾ, ಗಂಟೆ ಯಾಕೆ ಹೊಡೆಯುತ್ತಲೇ ಇಲ್ಲ? ಎರಡಕ್ಕೂ ಬೈಗುಳ ತಿನ್ನುವುದು ಪಾಪ ಆ ಎಂಪಿತ್ರೀ ಫೈಲು. ಅದನ್ನು ಅಳಿಸುತ್ತಾರೆ, ಬೇರೆ ಫೈಲು ಇಳಿಸುತ್ತಾರೆ, ಅದೂ ಹಾಗೇ ಆಡುತ್ತದೆ. ಫೈಲಿನ ತಪ್ಪು ಇರುವುದು ತೀರಾ ಅಪರೂಪ. ಸದ್ದು ತಾನಾಗಿ ಏನೂ ಮಾಡುವುದಿಲ್ಲ, ಯಾರೋ ಕರೆದರೆ ಬರುತ್ತದೆ, ಫೋನು ಬಿಟ್ಟ ದಾರಿಯಲ್ಲಿ ಹೋಗುತ್ತದೆ. ಯಾರು ಕರೆಯುತ್ತಿದ್ದಾರೆ, ಯಾವ ದಾರಿ, ಇಷ್ಟು ಹುಡುಕಿದರೆ ಮುಕ್ಕಾಲು ಕೆಲಸ ಮುಗಿಯಿತು.

ಉದಾಹರಣೆಗೆ ನಮ್ಮ ಕಡೆಯದೇ ಒಂದು ಆ್ಯಪ್ ತಗೊಳ್ಳೋಣ. ಗಂಗಾವತಿ, ಕಾರಟಗಿ ಸುತ್ತಮುತ್ತ ಹುಡುಗರಿಗೆ ಬ್ಲಾಕ್ ಜೋಡಿಸುವುದು ಕೈಗೆ ಹತ್ತಿತು ಅಂದರೆ ಮನೆಯವರು ಮೊದಲು ಕೇಳುವುದು ಮೋಟರ್ ಟೈಮರ್. ನಾಲೆಯ ಕೊನೆಭಾಗದ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲ, ಬೋರಿನ ಮೋಟರ್ ಹಾಕಬೇಕು, ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ಹೋಗಬೇಕು. ಮೋಟರ್ ಹಾಕಿ ಸುಮ್ನೆ ಒರಗಿದರೂ ನಿದ್ದೆ ಹತ್ತುತ್ತದೆ. ಅಷ್ಟರಲ್ಲಿ ಗದ್ದೆ ತುಂಬಿ ಬದು ಒಡೆದು ನೀರೆಲ್ಲ ಪಕ್ಕದವರ ಹೊಲಕ್ಕೆ, ಬೆಳಗ್ಗೆ ಎದ್ದರೆ ಜಗಳ. ಹಾಗಾಗಿ ಎರಡು ತಾಸಿಗೆ ಜೋರಾಗಿ ಒದರುವ ಆ್ಯಪ್ ಬೇಕು. ಫೋನಿನಲ್ಲೇ ಅಲಾರಂ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಆ್ಯಪ್ ಇನ್ವೆಂಟರ್ ಗೊತ್ತಿಲ್ಲದವರಿಗೆ ಎರಡು ಮಾತು. ಕೋಡ್ ಟೈಪ್ ಮಾಡದೆ, ಬಣ್ಣಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಂಡ್ರಾಯ್ಡ್ ಆ್ಯಪ್ ಮಾಡುವ ಉಚಿತ ಸಾಧನ ಇದು. 2010ರಲ್ಲಿ ಗೂಗಲ್‌ನಲ್ಲಿ ಹೊರಬಂತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಾಲ್ ಏಬಲ್ಸನ್ ಅದರ ಹಿಂದಿದ್ದವರು. ಗೂಗಲ್ ಕೈಬಿಟ್ಟ ಮೇಲೆ 2012ರಿಂದ ಎಂಐಟಿಯೇ ನಡೆಸುತ್ತಿದೆ. ಬ್ರೌಸರ್‌ನಲ್ಲಿ ಕೆಲಸ ಮಾಡುತ್ತದೆ, ಫೋನಿನಲ್ಲಿ ಕಂಪ್ಯಾನಿಯನ್ ಅನ್ನುವ ಆ್ಯಪ್ ಹಾಕಿಕೊಂಡು ಕ್ಯೂಆರ್ ಕೋಡ್ ತೋರಿಸಿದರೆ ನೀವು ಜೋಡಿಸಿದ್ದು ಅಲ್ಲೇ ಓಡಿ ತೋರಿಸುತ್ತದೆ.

ಸದ್ದು ಮಾಡಲು ಅದರಲ್ಲಿ ಮುಖ್ಯವಾಗಿ ಎರಡು ಕಾಂಪೊನೆಂಟ್, ಅಂದರೆ ಆ್ಯಪಿಗೆ ಸೇರಿಸುವ ಸಿದ್ಧ ಭಾಗಗಳು, ಇವೆ, ಸೌಂಡ್ ಮತ್ತು ಪ್ಲೇಯರ್. ಹೆಸರು ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ, ಆದರೆ ಸ್ವಭಾವ ಬೇರೆ. ಸೌಂಡ್ ಇರುವುದು ಟಿಕ್, ಟಣ್ ಅನ್ನುವಂಥ ಚಿಕ್ಕ ಸದ್ದಿಗೆ. ಪ್ಲೇಯರ್ ಇರುವುದು ಉದ್ದದ ಸದ್ದಿಗೆ, ಹಾಡಿಗೆ. ಪ್ಲೇಯರ್‌ಗೆ ವಾಲ್ಯೂಮ್ ಅಂತ ಪ್ರಾಪರ್ಟಿ (ನಾವು ಬದಲಿಸಬಹುದಾದ ಸೆಟ್ಟಿಂಗ್) ಇದೆ, ಲೂಪ್ ಅಂತ ಇನ್ನೊಂದಿದೆ. ಲೂಪ್‌ಗೆ ಟಿಕ್ ಹಾಕಿದರೆ ಫೈಲು ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರು. ಸೌಂಡ್‌ಗೆ ಇವೆರಡೂ ಇಲ್ಲ. ಅದರ ಬದಲು ಮಿನಿಮಮ್ ಇಂಟರ್ವಲ್ ಅಂತ ಒಂದಿದೆ. ನೀವು ಮುಟ್ಟದೆ ಬಿಟ್ಟರೆ ಅದು 500 ಮಿಲಿಸೆಕೆಂಡ್. ಅಂದರೆ ಅರ್ಧ ಸೆಕೆಂಡಿನೊಳಗೆ ಎರಡನೇ ಸಲ ಪ್ಲೇ ಅಂದರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ. ಬಟನ್ ಬೇಗಬೇಗ ಒತ್ತಿದಾಗ ಸದ್ದು ಬಿಟ್ಟುಬಿಟ್ಟು ಬರುತ್ತಿದ್ದರೆ ಕಾರಣ ಇದೇ.

ಈಗ ಗಂಟೆ ನಿಲ್ಲದ ಕಥೆ. ಸೌಂಡ್‌ಗೆ ಲೂಪ್ ಇಲ್ಲ ಅಲ್ವಾ, ಹಾಗಾಗಿ ಹುಡುಗರು ಏನು ಮಾಡುತ್ತಾರೆ, ಇಷ್ಟಿಷ್ಟು ಹೊತ್ತಿಗೊಮ್ಮೆ ತಾನೇ ಏಳುವ ಕ್ಲಾಕ್ ಕಾಂಪೊನೆಂಟಿನ ಟೈಮರ್ ಬ್ಲಾಕಿನೊಳಗೆ ಪ್ಲೇ ಸಿಕ್ಕಿಸಿಬಿಡುತ್ತಾರೆ. ಪ್ಲೇಯರ್ ತಗೊಂಡವರೂ ಅಷ್ಟೇ. ಬ್ಲಾಕುಗಳನ್ನು ಮಾತಿನಲ್ಲಿ ಓದಿದರೆ ಹೀಗಿರುತ್ತದೆ: ಕ್ಲಾಕ್ ಪ್ರತಿ 1000 ಮಿಲಿಸೆಕೆಂಡಿಗೆ ಒಮ್ಮೆ, ಅಂದರೆ ಸೆಕೆಂಡಿಗೊಮ್ಮೆ, ಏಳುತ್ತದೆ. ಎದ್ದಾಗ 'ಉಳಿದದ್ದು' ಅನ್ನುವ ಸಂಖ್ಯೆಯಿಂದ ಒಂದು ಕಳೆಯುತ್ತದೆ. ಅದು ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ ಪ್ಲೇಯರ್ ಸ್ಟಾರ್ಟ್. ಆ ಕಡೆ ಸ್ಟಾಪ್ ಬಟನ್ ಒತ್ತಿದರೆ ಪ್ಲೇಯರ್ ಸ್ಟಾಪ್. ಓದಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ.

ಓಡಿಸಿ ನೋಡಿ. ಸಮಯ ಮುಗಿಯಿತು, ಗಂಟೆ ಶುರುವಾಯಿತು, ಮೋಟರ್ ಹಾಕಿ ಮಲಗಿದ್ದ ಕಾಕಾ ಸ್ಟಾಪ್ ಒತ್ತಿದರು, ಸದ್ದು ನಿಂತಿತು. ಆದರೆ ಕ್ಲಾಕ್ ನಿಂತಿಲ್ಲ. ಮುಂದಿನ ಸೆಕೆಂಡಿಗೆ ಅದು ಮತ್ತೆ ಎದ್ದಿತು, ಒಂದು ಕಳೆಯಿತು, ಈಗ 'ಉಳಿದದ್ದು' ಮೈನಸ್ ಹನ್ನೆರಡೋ ಹದಿಮೂರೋ ಆಗಿದೆ, ಸೊನ್ನೆಗಿಂತ ಕಡಿಮೆಯೇ ತಾನೆ, ಮತ್ತೆ ಸ್ಟಾರ್ಟ್ ಅಂದಿತು.

"ಏ ತಮ್ಮಾ, ಒತ್ತೀನಲ್ಲೋ, ಮತ್ಯಾಕ ಒದರಾಕ ಹತ್ತೈತಿ ಇದು?"

"ತಡಿ ಕಾಕಾ, ಬ್ಯಾಟ್ರಿ ತೆಗಿತೀನಿ."

ಈಗಿನ ಫೋನುಗಳಲ್ಲಿ ಬ್ಯಾಟರಿ ತೆಗೆಯಲೂ ಬರುವುದಿಲ್ಲ, ಆ ಮಾತು ಬೇರೆ.

ಸರಿ ಮಾಡುವುದು ಬಹಳ ಸುಲಭ. ಕ್ಲಾಕ್‌ಗೆ ಟೈಮರ್ ಎನೇಬಲ್ಡ್ ಅಂತ ಒಂದು ಪ್ರಾಪರ್ಟಿ ಇದೆ. ಸಮಯ ಮುಗಿದಿದೆ ಅಂತ ಗೊತ್ತಾದ ತಕ್ಷಣ ಮೊದಲು ಅದನ್ನು ಫಾಲ್ಸ್ ಮಾಡಿ (ಟ್ರೂ ಅಂದರೆ ಚಾಲೂ, ಫಾಲ್ಸ್ ಅಂದರೆ ಬಂದ್), ಆಮೇಲೆ ಪ್ಲೇಯರ್ ಸ್ಟಾರ್ಟ್ ಅನ್ನಿ. ಕರೆಯುವವನು, ಅಂದರೆ ಕ್ಲಾಕ್, ಒಂದೇ ಸಲ ಕರೆದು ಮಲಗಿಬಿಟ್ಟ. ಇನ್ನು ಗಂಟೆ ಬಿಡದೆ ಬಾರಿಸುವ ಕೆಲಸ ಪ್ಲೇಯರಿನ ಲೂಪಿನದು, ನಿಲ್ಲಿಸುವ ಕೆಲಸ ಸ್ಟಾಪಿನದು. ಮತ್ತೆ ಎಬ್ಬಿಸುವವರು ಯಾರೂ ಇಲ್ಲ. ಅಲಾರಂಗೆ ಸೌಂಡ್ ಬಿಟ್ಟು ಪ್ಲೇಯರ್ ತಗೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಕಡೆಯೂ ಇದೇ ಪಜೀತಿ ಆಗುತ್ತದೆ, ಅದು ಸ್ಕ್ರೀನ್‌ಗಳದ್ದು. ಮೊದಲ ಸ್ಕ್ರೀನಿನಲ್ಲಿ ಟೈಮರ್, ಎರಡನೆಯದರಲ್ಲಿ ಸೆಟ್ಟಿಂಗ್ ಇಟ್ಟಿರುತ್ತಾರೆ. ಎರಡನೆಯದರಿಂದ ವಾಪಸ್ ಬರಲು 'ಕ್ಲೋಸ್ ಸ್ಕ್ರೀನ್' ಬ್ಲಾಕ್ ಬಳಸಬೇಕು. ಅದು ಬಿಟ್ಟು 'ಓಪನ್ ಅನದರ್ ಸ್ಕ್ರೀನ್' ಅಂತ ಹಾಕಿ ಮತ್ತೆ ಮೊದಲನೆಯದನ್ನೇ ತೆರೆದರೆ ಹಳೆಯದು ಕೆಳಗೆ ಹಾಗೇ ಉಳಿದು ಮೇಲೊಂದು ಹೊಸದು ಹುಟ್ಟುತ್ತದೆ. ಈಗ ಕ್ಲಾಕ್ ಎರಡು, ಪ್ಲೇಯರ್ ಎರಡು. ನೀವು ಒತ್ತುವ ಸ್ಟಾಪ್ ಮೇಲಿನದಕ್ಕೆ ಮಾತ್ರ ಕೇಳುತ್ತದೆ. ಇಷ್ಟು ಚಿಕ್ಕ ಆ್ಯಪಿಗೆ ಎರಡು ಸ್ಕ್ರೀನ್ ಯಾಕೆ ಬೇಕು ಹೇಳಿ? ಒಂದೇ ಸ್ಕ್ರೀನಿನಲ್ಲಿ ಎರಡು ವರ್ಟಿಕಲ್ ಅರೇಂಜ್‌ಮೆಂಟ್ (ಬಟನ್ ಮುಂತಾದವನ್ನು ಮೇಲೆಕೆಳಗೆ ಜೋಡಿಸಿಡುವ ಚೌಕಟ್ಟು) ಇಟ್ಟು, ಬೇಕಾದ್ದನ್ನು ತೋರಿಸಿ ಬೇಡದ್ದನ್ನು ಅಡಗಿಸಿದರೆ ಸಾಕು.

ಸ್ಟಾಪ್ ಬಟನ್ ಬಗ್ಗೆಯೂ ಒಂದು ಮಾತು. ರಾತ್ರಿ ನಿದ್ದೆಗಣ್ಣಿನಲ್ಲಿ ಚಿಕ್ಕ ಬಟನ್ ಹುಡುಕುವುದು ಕಷ್ಟ. ಸಂದೇಶ ತೋರಿಸುವ ನೋಟಿಫೈಯರ್ ಕಾಂಪೊನೆಂಟಿನಲ್ಲಿ ಶೋ ಅಲರ್ಟ್ ಅಂತ ಒಂದಿದೆ, ಹೆಸರು ನೋಡಿ ಇದೇ ಸದ್ದು ಮಾಡುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಇಲ್ಲ, ಅದು ಬರೀ ಒಂದು ಸಾಲು ತೋರಿಸಿ ತಾನೇ ಮಾಯವಾಗುತ್ತದೆ, ಸದ್ದಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮಗೆ ಬೇಕಾದ್ದು ಶೋ ಚೂಸ್ ಡೈಲಾಗ್. ಅದಕ್ಕೆ ಎರಡು ಬಟನ್ ಕೊಡಬಹುದು: 'ಬಂದ್ ಮಾಡಿದೆ', 'ಇನ್ನೂ ಅರ್ಧ ತಾಸು'. ಕ್ಯಾನ್ಸಲಬಲ್ ಅನ್ನುವಲ್ಲಿ ಫಾಲ್ಸ್ ಕೊಡಿ, ಇಲ್ಲದಿದ್ದರೆ ಅಲ್ಲಿ ಮೂರನೇ ಬಟನ್ ಬಂದು ಕೂರುತ್ತದೆ. ಒತ್ತಿದಾಗ ಆಫ್ಟರ್ ಚೂಸಿಂಗ್ ಅನ್ನುವ ಈವೆಂಟ್ ಬರುತ್ತದೆ, ಅದರೊಳಗೆ ಮೊದಲ ಬ್ಲಾಕ್ ಪ್ಲೇಯರ್ ಸ್ಟಾಪ್. ಯಾವುದು ಒತ್ತಿದರೂ ಸದ್ದು ನಿಲ್ಲಲೇಬೇಕು. ಆಮೇಲೆ ಒತ್ತಿದ್ದು ಅರ್ಧ ತಾಸಿನ ಬಟನ್ ಆಗಿದ್ದರೆ ಹೊಸ ಸಮಯ ಇಟ್ಟು ಕ್ಲಾಕಿನ ಟೈಮರ್ ಎನೇಬಲ್ಡ್ ಮತ್ತೆ ಟ್ರೂ. ಹೋಲಿಸುವಾಗ ಬಟನ್ ಮೇಲಿನ ಅಕ್ಷರಗಳೂ ನೀವು ಹೋಲಿಸುವ ಅಕ್ಷರಗಳೂ ಚೂರೂ ವ್ಯತ್ಯಾಸ ಇರಬಾರದು. ಕೊನೆಯಲ್ಲಿ ಒಂದು ಸ್ಪೇಸ್ ಜಾಸ್ತಿ ಇದ್ದರೂ ಅದು ಬೇರೆಯೇ ಮಾತು ಅಂತ ಆ್ಯಪ್ ತಿಳಿಯುತ್ತದೆ.

ಈಗ ಎರಡನೇ ದೂರು, ಗಂಟೆ ಹೊಡೆಯುತ್ತಲೇ ಇಲ್ಲ. ಇಲ್ಲಿ ಫೋನಿನ ಒಳಗಿನ ವ್ಯವಸ್ಥೆ ತಿಳಿಯಬೇಕು. ಆಂಡ್ರಾಯ್ಡ್‌ನಲ್ಲಿ ಸದ್ದು ಅಂದರೆ ಒಂದೇ ಅಲ್ಲ. ರಿಂಗಿಗೆ ಒಂದು, ಅಲಾರಂಗೆ ಒಂದು, ನೋಟಿಫಿಕೇಶನ್ನಿಗೆ ಒಂದು, ಹಾಡು ವಿಡಿಯೊಗೆ ಅಂದರೆ ಮೀಡಿಯಾಗೆ ಒಂದು, ಕಾಲ್‌ನಲ್ಲಿ ಮಾತಾಡುವಾಗ ಇನ್ನೊಂದು, ಹೀಗೆ ಬೇರೆಬೇರೆ ದಾರಿಗಳಿವೆ. ತುಂಗಭದ್ರಾ ಎಡದಂಡೆ ನಾಲೆಯಿಂದ ಒಡೆದ ಉಪಕಾಲುವೆಗಳಿದ್ದ ಹಾಗೆ, ಒಂದೊಂದಕ್ಕೂ ಅದರದೇ ತೂಬು, ಒಂದನ್ನು ಮುಚ್ಚಿದರೆ ಇನ್ನೊಂದರಲ್ಲಿ ನೀರು ನಿಲ್ಲುವುದಿಲ್ಲ. ಆ್ಯಪ್ ಇನ್ವೆಂಟರಿನ ಸೌಂಡ್ ಆಗಲಿ ಪ್ಲೇಯರ್ ಆಗಲಿ ಹರಿಯುವುದು ಮೀಡಿಯಾ ದಾರಿಯಲ್ಲಿ. ಅಲಾರಂ ಆ್ಯಪ್ ಅಂತ ನೀವು ಹೆಸರಿಟ್ಟರೂ ಫೋನಿನ ಲೆಕ್ಕದಲ್ಲಿ ಅದು ಹಾಡು ಹಾಕುವ ಆ್ಯಪೇ.

ಇದೊಂದು ತಿಳಿದರೆ ಎಷ್ಟೋ ವಿಚಿತ್ರಗಳು ತಾವೇ ಬಿಡಿಸಿಕೊಳ್ಳುತ್ತವೆ. ರಿಂಗ್ ಫುಲ್ ಇಟ್ಟಿದ್ದೀನಿ, ಆದರೂ ಆ್ಯಪ್ ಸುಮ್ನಿದೆ ಅನ್ನುತ್ತಾರೆ. ಯಾಕೆಂದರೆ ಮಧ್ಯಾಹ್ನ ಯಾರೋ ವಿಡಿಯೊ ನೋಡುತ್ತಾ ಮೀಡಿಯಾ ಸೊನ್ನೆ ಮಾಡಿಟ್ಟಿದ್ದಾರೆ. ಸೈಲೆಂಟ್ ಇಟ್ಟು ಗುಡಿಯೊಳಗೆ ಹೋಗಿದ್ದೆ, ಆದರೂ ಆ್ಯಪ್ ಒದರಿತು ಅನ್ನುತ್ತಾರೆ. ಯಾಕೆಂದರೆ ಸೈಲೆಂಟ್ ಕಟ್ಟಿಹಾಕುವುದು ರಿಂಗನ್ನೂ ನೋಟಿಫಿಕೇಶನ್ನನ್ನೂ, ಮೀಡಿಯಾವನ್ನಲ್ಲ. ಇನ್ನು ಬ್ಲೂಟೂತ್ ಇಯರ್‌ಫೋನ್ ಜೋಡಣೆಯಾಗಿದ್ದರೆ ಮೀಡಿಯಾ ಸದ್ದೆಲ್ಲ ಅದರೊಳಗೇ ಹೋಗುತ್ತದೆ. ಇಯರ್‌ಫೋನ್ ಟ್ರ್ಯಾಕ್ಟರ್ ಸೀಟಿನ ಮೇಲೆ ಬಿದ್ದಿದೆ, ಫೋನ್ ದಿಂಬಿನ ಪಕ್ಕ ಇದೆ, ಗಂಟೆ ಬಾರಿಸುತ್ತಿರುವುದು ಸೀಟಿನ ಮೇಲೆ! ಫೋನಿನ ಸ್ವಂತ ಅಲಾರಂಗೆ ಈ ಕಷ್ಟ ಇಲ್ಲ, ಅದು ಇಯರ್‌ಫೋನ್ ಇದ್ದರೂ ಸ್ಪೀಕರಿನಲ್ಲೂ ಬರುತ್ತದೆ.

ಪ್ಲೇಯರಿನ ವಾಲ್ಯೂಮ್ 100 ಇಟ್ಟಿದ್ದೀನಲ್ಲ ಅನ್ನಬೇಡಿ. ಆ 100 ಅಂದರೆ ಮೀಡಿಯಾ ಎಷ್ಟಿದೆಯೋ ಅದರಲ್ಲಿ ಪೂರ್ತಿ ಅಂತ ಅರ್ಥ. ಮೀಡಿಯಾ ಸೊನ್ನೆ ಇದ್ದರೆ ಸೊನ್ನೆಯಲ್ಲಿ ಪೂರ್ತಿಯೂ ಸೊನ್ನೆಯೇ. ಸ್ಲೈಡರ್ ಒಂದು ಇಟ್ಟು ಅದರ ಥಂಬ್ ಪೊಸಿಷನ್ನನ್ನು (ಎಳೆಯುವ ಗುಂಡಿ ಇರುವ ಜಾಗ) ಪ್ಲೇಯರ್ ವಾಲ್ಯೂಮ್‌ಗೆ ಕೊಡುವುದು ಚೆಂದವೇ, ಸ್ಲೈಡರಿನ ಮಿನಿಮಮ್ 0, ಮ್ಯಾಕ್ಸಿಮಮ್ 100 ಅಂತ ಬದಲಿಸಿಕೊಂಡರೆ ಸರಿಯಾಗಿ ಕೂರುತ್ತದೆ, ಆದರೆ ಅದರಿಂದ ಸದ್ದು ಕಡಿಮೆ ಮಾಡಬಹುದೇ ಹೊರತು ಫೋನಿನ ಮೀಡಿಯಾ ಮಟ್ಟ ದಾಟಲು ಆಗುವುದಿಲ್ಲ. ಫೋನಿನ ವಾಲ್ಯೂಮನ್ನೇ ಆ್ಯಪಿನಿಂದ ಏರಿಸಬೇಕು ಅಂದರೆ ಎಕ್ಸ್‌ಟೆನ್ಶನ್, ಅಂದರೆ ಬೇರೆಯವರು ಮಾಡಿಟ್ಟ ಹೆಚ್ಚುವರಿ ಕಾಂಪೊನೆಂಟ್, ಹಾಕಿಕೊಳ್ಳಬೇಕು. ನನ್ನನ್ನು ಕೇಳಿದರೆ ಅದು ಬೇಡ, ಬೇರೆಯವರ ಫೋನಿನ ವಾಲ್ಯೂಮ್ ಕೇಳದೆ ಏರಿಸುವ ಆ್ಯಪನ್ನು ಜನ ಎರಡನೇ ದಿನ ಅಳಿಸುತ್ತಾರೆ. ಅದರ ಬದಲು ಸ್ಟಾರ್ಟ್ ಒತ್ತಿದಾಗಲೇ ಒಂದು ಸಲ ಟಣ್ ಅನ್ನಿಸಿ. ಕೇಳಿಸಲಿಲ್ಲ ಅಂದರೆ ಅವರೇ ಪಕ್ಕದ ಬಟನ್ ಒತ್ತಿ ಏರಿಸಿಕೊಳ್ಳುತ್ತಾರೆ. ಆ್ಯಪ್ ತೆರೆದಿರುವಾಗ ಆ ಬಟನ್ ಏರಿಸುವುದು ಮೀಡಿಯಾವನ್ನೇ.

ಮೋಟರಿನ ಶಬ್ದದಲ್ಲಿ ಗಂಟೆ ಕೇಳಿಸದೆಯೂ ಇರಬಹುದು, ಹಾಗಾಗಿ ವೈಬ್ರೇಟ್ ಕೂಡ ಸೇರಿಸಿ. ಸೌಂಡ್, ಪ್ಲೇಯರ್ ಎರಡರಲ್ಲೂ ಆ ಬ್ಲಾಕ್ ಇದೆ, ಎಷ್ಟು ಮಿಲಿಸೆಕೆಂಡ್ ಅಂತ ಸಂಖ್ಯೆ ಕೊಡಬೇಕು. ಇದು ಒಂದು ಸಲ ನಡುಗಿ ನಿಲ್ಲುತ್ತದೆ. ಮತ್ತೆಮತ್ತೆ ಬೇಕಾದರೆ ಎರಡನೇ ಕ್ಲಾಕ್ ಇಡಬೇಕು, ಅದನ್ನೂ ಆಫ್ಟರ್ ಚೂಸಿಂಗ್‌ನಲ್ಲಿ ಫಾಲ್ಸ್ ಮಾಡಲು ಮರೆಯಬಾರದು. ಇಲ್ಲಾಂದ್ರೆ ಗಂಟೆ ನಿಂತರೂ ಜೇಬು ನಡುಗುತ್ತಲೇ ಇರುತ್ತದೆ.

ಫೈಲಿನ ವಿಷಯ ಬೇಗ ಮುಗಿಸುತ್ತೇನೆ. ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಲಿ, ಕನ್ನಡದಲ್ಲಿ ಹೆಸರಿಟ್ಟ ಫೈಲನ್ನು ಆ್ಯಪ್ ಇನ್ವೆಂಟರ್ ಏರಿಸಿಕೊಳ್ಳುವುದಿಲ್ಲ. ಬ್ಲಾಕಿನಲ್ಲಿ ಕೈಯಾರೆ ಹೆಸರು ಟೈಪ್ ಮಾಡುವುದಾದರೆ ದೊಡ್ಡಕ್ಷರ ಸಣ್ಣಕ್ಷರ ಒಂದೇ ಥರ ಇರಬೇಕು. ಇನ್ನು ಯಾವ ಸದ್ದು ಹಾಕಬೇಕು? ಮನೆಯವರ ದನಿಯನ್ನೇ ಹಾಕಿ. ಫೋನಿನ ರೆಕಾರ್ಡರಿನಲ್ಲಿ ಅವ್ವನಿಂದ "ಏಳೋ, ಮೋಟರ್ ಬಂದ್ ಮಾಡೋ" ಅಂತ ಹೇಳಿಸಿ ಅದನ್ನೇ ಲೂಪಿಗೆ ಹಾಕಿದರೆ ಯಾವ ಸೈರನ್ನಿಗೂ ಏಳದವನು ಎದ್ದು ಕೂರುತ್ತಾನೆ.

ಇನ್ನು ಬಾಕಿ ಇರುವುದು ಎಲ್ಲಕ್ಕಿಂತ ತಲೆನೋವಿನ ವಿಷಯ, ಸ್ಕ್ರೀನ್ ಆಫ್ ಆದಾಗ ಏನಾಗುತ್ತದೆ ಅನ್ನುವುದು. ಕಂಪ್ಯಾನಿಯನ್‌ನಲ್ಲಿ ಅರ್ಧ ನಿಮಿಷ ಇಟ್ಟು ನೋಡಿದಾಗ ಎಲ್ಲಾ ಸರಿಯಾಗಿ ಓಡುತ್ತದೆ. ಹೊಲದಲ್ಲಿ ಎರಡು ತಾಸು ಇಟ್ಟರೆ ಗಂಟೆ ತಡವಾಗಿ ಹೊಡೆಯುತ್ತದೆ, ಇಲ್ಲಾ ಹೊಡೆಯುವುದೇ ಇಲ್ಲ. ಕ್ಲಾಕಿನಲ್ಲಿ ಟೈಮರ್ ಆಲ್ವೇಸ್ ಫೈರ್ಸ್ ಅಂತ ಇದೆಯಲ್ಲ, ಅದು ಟ್ರೂ ಇದ್ದರೆ ಆ್ಯಪ್ ಕಣ್ಣ ಮುಂದೆ ಇಲ್ಲದಿದ್ದರೂ ಕ್ಲಾಕ್ ಏಳುತ್ತದೆ, ನಿಜ. ಆದರೆ ಫೋನು ಆ್ಯಪನ್ನು ಎಚ್ಚರವಾಗಿ ಇಟ್ಟಿದ್ದರೆ ಮಾತ್ರ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಏರ್ಪಾಡಿದೆ: ಚಾರ್ಜಿಗಿಲ್ಲದ ಫೋನ್ ಸ್ಕ್ರೀನ್ ಆಫ್ ಆಗಿ ಒಂದೇ ಕಡೆ ಅಲ್ಲಾಡದೆ ಬಿದ್ದಿದ್ದರೆ ಬ್ಯಾಟರಿ ಉಳಿಸಲು ಆ್ಯಪ್‌ಗಳ ಕೆಲಸವನ್ನು ಮುಂದೂಡುತ್ತದೆ. ಅದರ ಮೇಲೆ ಕೆಲವು ಕಂಪನಿಗಳ ಫೋನುಗಳು ತಮ್ಮದೇ ಬ್ಯಾಟರಿ ಉಳಿತಾಯ ಸೇರಿಸಿ ಆ್ಯಪನ್ನೇ ಮುಚ್ಚಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಬಳಕೆ 'ಅನ್‌ರಿಸ್ಟ್ರಿಕ್ಟೆಡ್' ಅಂತ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ, ಗ್ಯಾರಂಟಿ ಇಲ್ಲ.

ಹಾಗಾಗಿ ಸೆಕೆಂಡಿಗೊಂದು ಕಳೆಯುವ ಲೆಕ್ಕವನ್ನೇ ಬಿಡಿ. ಕ್ಲಾಕ್ ಒಂದಷ್ಟು ಹೊತ್ತು ಮಲಗಿದ್ದರೆ ಆ ಸೆಕೆಂಡುಗಳು ಎಣಿಕೆಗೆ ಬರುವುದಿಲ್ಲ, ಎರಡು ತಾಸು ಎರಡೂವರೆ ಆಗುತ್ತದೆ. ಅದರ ಬದಲು ಹೀಗೆ ಮಾಡಿ. ಕ್ಲಾಕಿನಲ್ಲಿ ಸಿಸ್ಟಮ್ ಟೈಮ್ ಅನ್ನುವ ಬ್ಲಾಕ್ ಇದೆ, ಅದು ಈಗಿನ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಸ್ಟಾರ್ಟ್ ಒತ್ತಿದಾಗ ಅದಕ್ಕೆ 72,00,000 ಕೂಡಿಸಿ, ಎರಡು ತಾಸು ಅಂದರೆ ಅಷ್ಟು ಮಿಲಿಸೆಕೆಂಡ್, ಬಂದ ಮೊತ್ತವನ್ನು 'ಮುಗಿಯುವ ಹೊತ್ತು' ಅನ್ನುವ ಟ್ಯಾಗ್ (ಹೆಸರು) ಕೊಟ್ಟು ಟೈನಿಡಿಬಿಯಲ್ಲಿ, ಅಂದರೆ ಆ್ಯಪ್ ಮುಚ್ಚಿದರೂ ಮಾಹಿತಿ ಉಳಿಸಿಡುವ ಕಾಂಪೊನೆಂಟಿನಲ್ಲಿ, ಬರೆದಿಡಿ. ಕ್ಲಾಕ್ ಎದ್ದಾಗಲೆಲ್ಲ ಮುಗಿಯುವ ಹೊತ್ತಿನಿಂದ ಈಗಿನ ಹೊತ್ತು ಕಳೆದು ನೋಡಿದರಾಯಿತು. ಮಧ್ಯೆ ಎಷ್ಟು ಮಲಗಿದ್ದರೂ ಎದ್ದ ಕೂಡಲೇ ಸರಿಯಾದ ಲೆಕ್ಕ ಸಿಗುತ್ತದೆ. ಆ್ಯಪ್ ಮುಚ್ಚಿ ಮತ್ತೆ ತೆರೆದರೂ ಸ್ಕ್ರೀನ್ ತೆರೆದಾಗ ಮೊದಲು ಓಡುವ ಸ್ಕ್ರೀನ್ ಇನಿಶಿಯಲೈಸ್‌ನಲ್ಲಿ ಟೈನಿಡಿಬಿ ಓದಿ ಅಲ್ಲಿಂದಲೇ ಮುಂದುವರಿಯಬಹುದು. ಕಾಕಾ 'ಬಂದ್ ಮಾಡಿದೆ' ಒತ್ತಿದಾಗ ಆ ಟ್ಯಾಗನ್ನು ಅಳಿಸಿ, ಇಲ್ಲದಿದ್ದರೆ ಮರುದಿನ ಆ್ಯಪ್ ತೆರೆದ ಕೂಡಲೇ ನಿನ್ನೆಯ ಗಂಟೆ ಹೊಡೆಯುತ್ತದೆ. ಒಂದು ಎಚ್ಚರ: ಇಲ್ಲಿ 'ಸೊನ್ನೆಗೆ ಸಮ' ಅಂತ ಪರೀಕ್ಷಿಸಿದರೆ ಗಂಟೆ ಹೊಡೆಯುವುದು ಅದೃಷ್ಟದ ಮಾತು, ಯಾಕೆಂದರೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಸರಿಯಾಗಿ ಸೊನ್ನೆಯ ಮೇಲೇ ಕ್ಲಾಕ್ ಏಳುವುದು ಬಹಳ ಅಪರೂಪ. 'ಸೊನ್ನೆ ಅಥವಾ ಕಡಿಮೆ' ಅಂತಲೇ ಇರಲಿ.

ಸದ್ದು ಬೇಕೋ ಬೇಡವೋ ಅನ್ನುವ ಸ್ವಿಚ್ ಇಡುವವರೂ ಟೈನಿಡಿಬಿಯನ್ನೇ ಬಳಸಿ. ಓದುವಾಗ 'ಟ್ಯಾಗ್ ಇಲ್ಲದಿದ್ದರೆ' ಅನ್ನುವ ಜಾಗದಲ್ಲಿ ಟ್ರೂ ಕೊಡಿ, ಮೊದಲ ಸಲ ತೆರೆದವರಿಗೆ ಸದ್ದು ಇರಲಿ. ಪ್ಲೇಯರಿನಲ್ಲಿ ಪ್ಲೇ ಓನ್ಲಿ ಇನ್ ಫೋರ್‌ಗ್ರೌಂಡ್ ಅಂತ ಒಂದಿದೆ, ಅದು ಟ್ರೂ ಆದರೆ ಆ ಸ್ಕ್ರೀನ್ ಬಿಟ್ಟು ಹೊರಗೆ ಹೋದ ಕೂಡಲೇ ಹಾಡು ನಿಲ್ಲುತ್ತದೆ. ಆಟದ ಆ್ಯಪಿಗೆ ಅದು ಒಳ್ಳೆಯದು, ನಮ್ಮದಕ್ಕೆ ಮುಟ್ಟಬೇಡಿ.

ಈಗ ಆಗ ಬಿಟ್ಟ ಮಾತು. ನಿಜವಾಗಿ ರಾತ್ರಿ ಮಲಗುವವರಿಗೆ ಫೋನಿನ ಸ್ವಂತ ಅಲಾರಮ್ಮೇ ಮೇಲು, ಹುಡುಗರಿಗೆ ಬೇಜಾರಾದರೂ ಇದನ್ನು ಹೇಳಲೇಬೇಕು. ಅದು ಅಲಾರಂ ದಾರಿಯಲ್ಲಿ ಬರುತ್ತದೆ, ಡೋಜ್ ಅದನ್ನು ತಡೆಯುವುದಿಲ್ಲ. ಅಂಥದ್ದನ್ನೇ ನೀವೂ ಮಾಡಬೇಕಾದರೆ ಬ್ಲಾಕ್ ದಾಟಿ, ಕೋಡ್ ಬರೆದು ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೊಗೆ ಹೋಗಬೇಕು. ಅಲ್ಲಿ ಅಲಾರಂ ಮ್ಯಾನೇಜರ್ ಇದೆ, ಇಂಥ ಹೊತ್ತಿಗೆ ನನ್ನನ್ನು ಎಬ್ಬಿಸು ಅಂತ ಫೋನಿಗೇ ಹೇಳಿಟ್ಟು ಆ್ಯಪ್ ಮಲಗಬಹುದು. ಸದ್ದನ್ನು ಅಲಾರಂ ದಾರಿಗೆ ಹಾಕುವ ಅವಕಾಶವೂ ಇದೆ.

ಆದರೆ ಅಲ್ಲಿಯ ನೋಟಿಫಿಕೇಶನ್ ಸದ್ದಿಗೆ ಬೇರೆ ಕಾನೂನು. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ನೋಟಿಫಿಕೇಶನ್ ಒಂದು ಚಾನೆಲ್‌ಗೆ, ಅಂದರೆ ಒಂದೇ ಥರದ ನೋಟಿಫಿಕೇಶನ್‌ಗಳ ಗುಂಪಿಗೆ, ಸೇರಬೇಕು, ಸದ್ದು ಯಾವುದು ಅಂತ ಚಾನೆಲ್ ಹುಟ್ಟುವಾಗಲೇ ಹೇಳಬೇಕು. ಆಮೇಲೆ ಕೋಡಿನಲ್ಲಿ ಫೈಲು ಬದಲಿಸಿ ಎಷ್ಟು ಸಲ ಓಡಿಸಿದರೂ ಹಳೇ ಸದ್ದೇ ಬರುತ್ತದೆ. ಹೊಸ ಐಡಿ ಕೊಟ್ಟು ಹೊಸ ಚಾನೆಲ್ ಮಾಡಬೇಕು, ಇಲ್ಲಾ ಪರೀಕ್ಷೆಯ ಹೊತ್ತಿನಲ್ಲಿ ಆ್ಯಪ್ ತೆಗೆದು ಮತ್ತೆ ಹಾಕಬೇಕು. ಫೋನಿನ ಮಾಲೀಕ ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ಯಾವಾಗ ಬೇಕಾದರೂ ಆ ಸದ್ದು ಬದಲಿಸಬಹುದು, ಪೂರ್ತಿ ಬಂದ್ ಕೂಡ ಮಾಡಬಹುದು. 2022ರ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸಲಿಕ್ಕೇ ಅವರ ಅನುಮತಿ ಕೇಳಬೇಕು, ಬೇಡ ಅಂದರೆ ಮುಗಿಯಿತು. ಅವರು ಬಂದ್ ಮಾಡಿದ ಚಾನೆಲ್ಲನ್ನು ಕೋಡಿನಿಂದ ತೆರೆಯಲು ಆಗುವುದಿಲ್ಲ. ನಿಮ್ಮಿಂದ ಆಗುವುದು ಇಷ್ಟು: ಚಾನೆಲ್ ಬಂದ್ ಆಗಿದೆಯಾ ಅಂತ ಆ್ಯಪ್ ತೆರೆದಾಗ ನೋಡಿ, ಆಗಿದ್ದರೆ "ಗಂಟೆ ಬಂದ್ ಆಗಿದೆ, ಇಲ್ಲಿ ಒತ್ತಿ" ಅಂತ ಒಂದು ಬಟನ್ ತೋರಿಸಿ ಆ ಸೆಟ್ಟಿಂಗ್ ಪುಟಕ್ಕೇ ನೇರ ಕರೆದುಕೊಂಡು ಹೋಗಬಹುದು.